ಹತ್ತು ಎಣಿಸುವವರೆಗೆ

"ಇನ್ನು ಸ್ವಲ್ಪ ಎಡಕ್ಕೆ. ಗೇಟಿಗೆ ತಾಗೀತು, ನೋಡ್ಕೊಂಡು" ಎನ್ನುತ್ತ ಆರು ಜನ ಗಂಡಸರು ಬೇಕರಿಯ ವ್ಯಾನನ್ನು ಶೆಡ್ಡಿನಿಂದ ಮನೆಯ ಬಾಗಿಲಿಗೆ ತಳ್ಳಿಕೊಂಡು ಬರುತ್ತಿದ್ದರು. ಇಂಜಿನ್ ಚಾಲೂ ಮಾಡಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಅದು ಮೇಸ್ತ್ರಿ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದ ಇಂಜಿನ್. ಹೊಸದಾಗಿ ಕಟ್ಟಿದ ಇಂಜಿನ್ನನ್ನು ಸುಮ್ಮಸುಮ್ಮನೆ ಚಾಲೂ ಮಾಡಿ ನಿಲ್ಲಿಸಬಾರದು ಎನ್ನುವುದು ಅವನ ಕಟ್ಟಪ್ಪಣೆ. ಮೇಸ್ತ್ರಿ ಈಗ ಹಜಾರದಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರೂ ಆ ಮಾತನ್ನು ಮೀರುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಜೀವಮಾನವಿಡೀ ಊರಿನ ಗಾಡಿಗಳನ್ನೆಲ್ಲ ಓಡೋ ಹಾಗೆ ಮಾಡಿದ" ಎಂದ ಅವನ ತಮ್ಮ, ಸೊಂಟದ ಮೇಲೆ ಕೈಯಿಟ್ಟು. "ಕೊನೆಗೆ ಇವನನ್ನ ಕರ್ಕೊಂಡು ಹೋಗೋಕೆ ತಳ್ಳೋ ಗಾಡಿ ಬಂತು." ಯಾರೂ ನಗಲಿಲ್ಲ. ತಳ್ಳುತ್ತಿದ್ದವರಲ್ಲಿ ಇಬ್ಬರು ಮಾತ್ರ ತಲೆ ತಗ್ಗಿಸಿಕೊಂಡು ತುಟಿ ಬಿಗಿಹಿಡಿದರು.

ವ್ಯಾನಿನೊಳಗಿದ್ದ ಬ್ರೆಡ್ಡಿನ ತಟ್ಟೆಗಳನ್ನೂ ಕಬ್ಬಿಣದ ಅಟ್ಟಣಿಗೆಯನ್ನೂ ಬೆಳಿಗ್ಗೆಯೇ ಬಿಚ್ಚಿ ತೆಗೆದಾಗಿತ್ತು. ಎರಡು ಸಲ ತೊಳೆದರೂ ಹೋಗದ ಬ್ರೆಡ್ಡಿನ ವಾಸನೆ ಮಾತ್ರ ಅಲ್ಲೇ ಉಳಿದಿತ್ತು. ವ್ಯಾನಿನ ಯಜಮಾನನನ್ನು ಊರೆಲ್ಲ ಬನ್ನು ಎಂದೇ ಕರೆಯುತ್ತಿತ್ತು. ಮೇಸ್ತ್ರಿಯ ಮಗಳಿಗೆ ಅವನು ಚಿಕ್ಕಂದಿನಿಂದಲೂ ಬನ್ನು ಮಾಮ. ಮೂವತ್ತು ವರ್ಷದಿಂದ ಅವನಿಗೆ ಅದೊಂದೇ ವ್ಯಾನು, ಅದಕ್ಕೆ ಒಬ್ಬನೇ ಮೇಸ್ತ್ರಿ. ಮೊನ್ನೆ ಮೇಸ್ತ್ರಿ ಆ ಇಂಜಿನ್ನನ್ನು ಶೆಡ್ಡಿನಲ್ಲಿ ಇಪ್ಪತ್ತು ನಿಮಿಷ ಓಡಿಸಿ, ರಾತ್ರಿಯಿಡೀ ತಣಿಯಲು ಬಿಟ್ಟಿದ್ದ. ನಿನ್ನೆ ಮಧ್ಯಾಹ್ನ ಇಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಕೈ ತೊಳೆಯಲೆಂದು ನಲ್ಲಿ ತಿರುಗಿಸಿ, ಯಾಕೋ ಸುಸ್ತು ಎಂದು ಪಕ್ಕದ ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ. ನೀರು ಅಂಗಳದ ತನಕ ಹರಿದು ಬಂದಾಗಲೇ ಹೆಂಡತಿಗೆ ಗೊತ್ತಾದದ್ದು.

ತಮ್ಮ ಆಗಲೇ ಬೇರೊಂದು ಗಾಡಿ ಗೊತ್ತುಮಾಡಿದ್ದ. ಬನ್ನು ಮಾಮ ಕೇಳಲಿಲ್ಲ. "ಗುರುವಾರ ಹತ್ತು ಗಂಟೆಗೆ ಬಾ, ಮೊದಲ ಓಟಕ್ಕೆ ಹೋಗೋಣ ಅಂದಿದ್ದ. ನಾನು ಬಂದಿದ್ದೀನಿ. ಅವನೂ ಬರಲಿ" ಎಂದು ಗೇಟಿನಲ್ಲೇ ನಿಂತುಬಿಟ್ಟ. ಹೊಸ ಇಂಜಿನ್ನು ನಡುದಾರಿಯಲ್ಲಿ ಕೈಕೊಟ್ಟರೆ ಹೆಣ ಇಟ್ಟುಕೊಂಡು ಏನು ಮಾಡುವುದು ಎಂದು ತಮ್ಮ ವಾದಕ್ಕಿಳಿದ. ಕಿಟಕಿಯ ಆಚೆ, ಗಂಡನ ತಲೆಯ ಬಳಿ ಕೂತಿದ್ದ ಹೆಂಡತಿ ಇಬ್ಬರ ಮಾತನ್ನೂ ಕೇಳಿಸಿಕೊಂಡು, "ಅವರು ಒಪ್ಕೊಂಡಿದ್ದ ಕೆಲಸ. ಅದರಲ್ಲೇ ಹೋಗಲಿ" ಎಂದಳು. ಅಲ್ಲಿಗೆ ವಾದ ಮುಗಿಯಿತು.

ಮಗಳು ಬಾನೆಟ್ ಎತ್ತಿ ನೀರು, ಎಣ್ಣೆ ನೋಡುತ್ತಿದ್ದಳು. ನಲವತ್ತೊಂದು ವರ್ಷದ ಹೆಂಗಸು. ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ. ಬೆಳಿಗ್ಗೆ ಬಂದವಳೇ ಅಪ್ಪನ ಕೈ ಹಿಡಿದುಕೊಂಡಿದ್ದಳು. ಉಗುರಿನ ಸಂದಿನಲ್ಲಿ ಗ್ರೀಸು ಹಾಗೇ ಇತ್ತು, ಕೈ ಮಾತ್ರ ಚಳಿಗಾಲದ ಸ್ಪ್ಯಾನರಿನಷ್ಟು ತಣ್ಣಗಿತ್ತು. ಅಳು ಬರಲಿಲ್ಲ. ಏನಾದರೊಂದು ಕೆಲಸ ಬೇಕೆನಿಸಿ ಹೊರಗೆ ಬಂದಿದ್ದಳು.

ಅವಳ ಬೆನ್ನ ಹಿಂದೆ ಗಂಡಸರು ಮೇಸ್ತ್ರಿಯ ಗುಣಗಾನದಲ್ಲಿದ್ದರು. ಅವನು ಮುಟ್ಟಿದ ಇಂಜಿನ್ ಮರಳಿ ಬಂದದ್ದಿಲ್ಲ ಎಂದ, ಪಕ್ಕದಂಗಡಿಯಲ್ಲಿ ಲೇತ್ ಯಂತ್ರ ನಡೆಸುವ ಲೇತಿನವನು. ಆತುರ ಪಟ್ಟದ್ದು ಕಂಡಿಲ್ಲ ಎಂದ ಟೈರಿನವನು. ಬನ್ನು ಮಾಮ ಮೂಗೊರೆಸಿಕೊಂಡು, "ಒಂದೇ ಒಂದು ಸಲ ಎಡವಿದ್ದ, ಅದೂ ನನ್ನ ಗಾಡೀಲಿ" ಎಂದ. "ಕುದೀತಿರೋ ಇಂಜಿನ್ ಮೇಲೆ ತನ್ನ ಕೈಯಾರೆ ತಣ್ಣೀರು ಸುರಿದು ಹೆಡ್ ಸೀಳಿಸಿಬಿಟ್ಟ. ಯಾಕೋ ಅಂದ್ರೆ, ತಲೆ ಕೆಟ್ಟಿತ್ತು ಕಣೋ ಅಂದ. ಇಪ್ಪತ್ತೆರಡು ವರ್ಷ ಅದೊಂದೇ ಮಾತು ಸಿಕ್ಕಿತ್ತು ನಂಗೆ ಅವನನ್ನ ಚುಚ್ಚೋಕೆ."

ಮಗಳು ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದಳು. ಅದನ್ನು ಒರೆಸಿದಳು, ಮತ್ತೆ ಒರೆಸಿದಳು. ತಿರುಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಡ್ಡಿಯನ್ನು ಮತ್ತೆ ಒಳಗಿಳಿಸಿದಳು.

ಓಡಿಸುವವರು ಯಾರು ಎಂಬ ಪ್ರಶ್ನೆ ಬಂತು. ಬನ್ನು ಮಾಮನಿಗೆ ಮೊಣಕಾಲು ಕೆಟ್ಟು ಕ್ಲಚ್ ಒತ್ತಲಾಗದು. ಓಡಿಸುವ ವೇಗಕ್ಕೆ ಗಾಳಿ ಎಂದೇ ಹೆಸರಾದ ಟ್ಯಾಕ್ಸಿಯವನು ಮುಂದೆ ಬಂದ. "ನೀನು ಓಡಿಸಿದ್ರೆ ಮೇಸ್ತ್ರಿ ಎದ್ದು ಕೂತ್ಕೋತಾನೆ, ಬೇಡ" ಎಂದು ಲೇತಿನವನು ಅವನನ್ನು ಹಿಂದಕ್ಕೆ ಕಳಿಸಿದ.

"ಯಾರು ಅಂತ ಅವನೇ ಹೇಳಿದ್ದನಲ್ಲ" ಎಂದ ಬನ್ನು ಮಾಮ. "ಮಗಳಿಗೆ ಫೋನ್ ಮಾಡಿದೀನಿ, ಗುರುವಾರ ಅವಳೇ ಓಡಿಸ್ತಾಳೆ ಅಂದ."

ಭಾನುವಾರ ಫೋನ್ ಬಂದದ್ದು ನಿಜ. ಗುರುವಾರ ಒಂದು ಕೆಲಸವಿದೆ, ಬರೋಕಾಗುತ್ತಾ ಎಂದು ಅಪ್ಪ ಕೇಳಿದ್ದ. ಯಾವ ಕೆಲಸ ಎಂದು ಅವಳು ಕೇಳಲಿಲ್ಲ. ರಜೆ ಸಿಗೋದು ಕಷ್ಟ, ನೋಡ್ತೀನಿ ಎಂದಿದ್ದಳು. ಆಯ್ತು, ಸಾವಕಾಶ ನೋಡು ಎಂದು ಅಪ್ಪ ಫೋನ್ ಇಟ್ಟಿದ್ದ.

"ನನ್ನ ಕೈಲಿ ಆಗಲ್ಲ ಮಾಮ" ಎಂದಳು.

"ಯಾಕಮ್ಮ?"

ಅಷ್ಟೂ ಕಣ್ಣುಗಳು ಅವಳ ಮೇಲಿದ್ದವು. ಆ ಯಾಕೆ ಎಂಬುದಕ್ಕೆ ಇಪ್ಪತ್ತೆರಡು ವರ್ಷ ವಯಸ್ಸಾಗಿತ್ತು. ಅದನ್ನು ಹೇಳುವುದಕ್ಕಿಂತ ಕೀಲಿ ಇಸಿದುಕೊಳ್ಳುವುದೇ ಸುಲಭವಾಗಿ ಕಂಡಿತು. ಬಾನೆಟ್ ಮುಚ್ಚಿ ಕೈ ಚಾಚಿದಳು.

*

ಒಂಬತ್ತು ವರ್ಷದವಳಿದ್ದಾಗ ಅಪ್ಪ ಅವಳನ್ನು ಎಣ್ಣೆಡಬ್ಬದ ಮೇಲೆ ನಿಲ್ಲಿಸಿ, ಆಗಷ್ಟೇ ಓಡಿ ಬಂದ ಗಾಡಿಯ ರೇಡಿಯೇಟರಿನ ಮೇಲೆ ಅಂಗೈ ಇಡಿಸಿದ್ದ. "ಎಣಿಸು" ಎಂದ. ಮೂರು ಎನ್ನುವಷ್ಟರಲ್ಲಿ ಅವಳು ಕೈ ಕಿತ್ತುಕೊಂಡಳು.

"ಮೂರು ಅಂದ್ರೆ ಇನ್ನೂ ಕೋಪದಲ್ಲಿದೆ ಅಂತ. ಹತ್ತು ಎಣಿಸೋವರೆಗೂ ಕೈ ನಿಲ್ತು ಅಂದ್ರೆ ಆಗ ಮುಚ್ಚಳ ತೆಗಿ. ಅಲ್ಲೀವರೆಗೂ ನೀರೂ ಬೇಡ, ಮಾತೂ ಬೇಡ. ಸುಮ್ನೆ ಕಾಯಿ."

ಶೆಡ್ಡಿನಲ್ಲಿ ಅವಳು ಕಲಿತ ಮೊದಲ ಪಾಠ ಅದು. ಹೊಸ ಇಂಜಿನ್ ಅಂದರೆ ಹೊಸ ಚಪ್ಪಲಿ, ಮೊದಲ ದಿನವೇ ಒಂದೇ ಸಮ ನಡೆದರೆ ಕಾಲೂ ಹಾಳು ಚಪ್ಪಲಿಯೂ ಹಾಳು ಎನ್ನುತ್ತಿದ್ದ ಅಪ್ಪ. ಒಳಗಿನ ಭಾಗಗಳು ಇನ್ನೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಉಜ್ಜಾಟ ಹೆಚ್ಚು, ಅದರಿಂದ ಶಾಖ ಹೆಚ್ಚು. ನಿಂತಲ್ಲೇ ಹೆಚ್ಚು ಹೊತ್ತು ಉರಿಸಬಾರದು, ಒಂದೇ ವೇಗದಲ್ಲಿ ಓಡಿಸಬಾರದು. ಸ್ವಲ್ಪ ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಕಣ್ಣು ರಸ್ತೆಯ ಮೇಲೆ ಎಷ್ಟೋ ಶಾಖದ ಮುಳ್ಳಿನ ಮೇಲೂ ಅಷ್ಟೇ ಇರಬೇಕು.

ಹತ್ತೊಂಬತ್ತಕ್ಕೆ ಅವಳು ಈ ವಿದ್ಯೆಯಲ್ಲಿ ಅಪ್ಪನಿಗೇ ಸರಿಸಾಟಿ ಎಂದು ಲೇತಿನವನೇ ಹೇಳುತ್ತಿದ್ದ. ಆ ವರ್ಷ ಬನ್ನು ಮಾಮನ ಇದೇ ವ್ಯಾನಿನ ಇಂಜಿನ್ ಮೊದಲ ಬಾರಿ ಕಟ್ಟಿದಾಗ, ಸೇತುವೆಯ ತನಕ ಹೋಗಿ ಬಾ ಎಂದು ಅಪ್ಪ ಅವಳೊಬ್ಬಳನ್ನೇ ಕಳಿಸಿದ. ಹಿಗ್ಗಿನಲ್ಲಿ ಅವಳಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೋಗುವಾಗ ಎಲ್ಲ ಸರಿಯಿತ್ತು. ಬರುವಾಗ ಏರಿನಲ್ಲಿ ಇಟ್ಟಿಗೆ ತುಂಬಿದ ಲಾರಿಯೊಂದು ಮುಂದೆ ಸಿಕ್ಕಿ ತೆವಳತೊಡಗಿತು. ಮುಳ್ಳು ಏರಿತು, ಆವಿ ಎದ್ದಿತು. ಗಾಡಿ ನಿಲ್ಲಿಸಿದಳು, ಅದು ಸರಿ. ಬಾನೆಟ್ ಎತ್ತಿದಳು, ಅದೂ ಸರಿ. ಆಮೇಲೆ ಭಯ ಹಿಡಿಯಿತು. ಇಂಜಿನ್ ಸುಟ್ಟೇ ಹೋಗುತ್ತದೆ ಎನ್ನಿಸಿ, ಪಕ್ಕದ ಟೀ ಅಂಗಡಿಯ ಬಕೆಟ್ಟನ್ನು ಎತ್ತಿಕೊಂಡು ಬಂದು ಅಷ್ಟೂ ನೀರನ್ನು ಅದರ ಮೇಲೆ ಸುರಿದಳು. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಟೀ ಹೊಯ್ದಾಗ ಬರುವಂಥ ಸದ್ದು ಬಂತು. ಹತ್ತು ವರ್ಷ ಹತ್ತು ಎಣಿಸುವುದನ್ನು ಕಲಿತವಳು ಅಂದು ಒಂದನ್ನೂ ಎಣಿಸಲಿಲ್ಲ.

ಅಪ್ಪ ಸೈಕಲ್ ತುಳಿದುಕೊಂಡು ಬಂದ. ಹೆಡ್ಡಿನ ಸೀಳಿನ ಉದ್ದಕ್ಕೆ ಬೆರಳಾಡಿಸಿದ. "ಕೈ ಸುಟ್ಕೊಂಡೆಯಾ?" ಎಂದಷ್ಟೇ ಕೇಳಿದ. ಇಲ್ಲ ಎಂದು ತಲೆಯಾಡಿಸಿದಳು. ಅಷ್ಟೇ. ಅಂದೂ ಬೈಯಲಿಲ್ಲ, ಮರುದಿನವೂ ಇಲ್ಲ. ಬೈದಿದ್ದರೆ ಒಂದು ಗಳಿಗೆಯ ಅಳುವಿಗೆ ಮುಗಿದುಹೋಗುತ್ತಿತ್ತು. ಆ ಮೌನವನ್ನು ಅವಳು ತನಗೆ ತೋಚಿದಂತೆ ಓದಿಕೊಂಡಳು: ಅಪ್ಪನಿಗೆ ಇನ್ನು ತನ್ನ ಕೈಯ ಮೇಲೆ ನಂಬಿಕೆ ಇಲ್ಲ. ಮೊದಲು ಒಂದು ದಿನ ಶೆಡ್ಡಿಗೆ ಹೋಗಲಿಲ್ಲ, ಆಮೇಲೆ ಒಂದು ವಾರ. ಎರಡು ತಿಂಗಳಿಗೆ ಟಿಕೆಟ್ ಕಿಟಕಿಯ ಕೆಲಸಕ್ಕೆ ಅರ್ಜಿ ಹಾಕಿದಳು. ಒಳ್ಳೇದು ಎಂದ ಅಪ್ಪ. ಅಂದಿನಿಂದ ಇಬ್ಬರೂ ಲೋಕದ ಸುದ್ದಿಯನ್ನೆಲ್ಲ ಆಡಿದ್ದರು, ಇಂಜಿನ್ ಒಂದನ್ನು ಬಿಟ್ಟು.

*

ಮೇಸ್ತ್ರಿಯನ್ನು ವ್ಯಾನಿನಲ್ಲಿ ಮಲಗಿಸಿದರು. ಅಮ್ಮ ಒಂದು ಪಕ್ಕ, ಚಿಕ್ಕಪ್ಪ ಇನ್ನೊಂದು ಪಕ್ಕ ಕೂತರು. ಬನ್ನು ಮಾಮ ಮುಂದೆ, ಕಾಲು ನೀಡಿಕೊಂಡು. ಮಗಳು ಕೀಲಿ ತಿರುಗಿಸಿದಳು. ಮೊದಲ ತಿರುವಿಗೇ ಇಂಜಿನ್ ಎದ್ದಿತು. ಲೇತಿನವನು ಕತ್ತು ವಾಲಿಸಿ ಸದ್ದು ಆಲಿಸಿದ, ಇನ್ನಿಬ್ಬರೂ ಆಲಿಸಿದರು. ಅಳುತ್ತಿದ್ದ ಹೆಂಗಸರಿಗೆ ಇದೆಂಥ ಗಂಡಸರಪ್ಪ ಎನ್ನಿಸಿರಬೇಕು. "ಸರಿ ಇದೆ" ಎಂದ ಲೇತಿನವನು, ಅವನ ಕಣ್ಣಲ್ಲಿ ನೀರಿತ್ತು.

ಸ್ಮಶಾನ ಎರಡು ಮೈಲಿ ದೂರ, ರೈಲ್ವೆ ಗೇಟು ದಾಟಿ ಏರು ಹತ್ತಬೇಕು. ಜನ ಮುಂದೆ ನಡೆದರು. ಡ್ರೈವರುಗಳು, ಮೆಕ್ಯಾನಿಕ್ಕುಗಳು, ಅಕ್ಕಪಕ್ಕದವರು, ಎಂದೋ ಒಮ್ಮೆ ಗಾಡಿ ರಿಪೇರಿಗೆ ಬಿಟ್ಟವರು. ಅವರ ಹಿಂದೆ ವ್ಯಾನು ಮೊದಲ ಗೇರಿನಲ್ಲಿ ತೆವಳಿತು. ಸಾವಿನ ಮೆರವಣಿಗೆಗೆ ಇರಬೇಕಾದ ವೇಗ ಅದೇ. ಹೊಸ ಇಂಜಿನ್ನಿಗೆ ಇರಲೇಬಾರದ ವೇಗವೂ ಅದೇ. ರೇಡಿಯೇಟರಿಗೆ ಗಾಳಿಯ ಸುಳಿವಿಲ್ಲ, ನೆತ್ತಿಯ ಮೇಲೆ ಬಿಸಿಲು. ಮಾರುಕಟ್ಟೆಯ ತಿರುವಿಗೆ ಬರುವಷ್ಟರಲ್ಲಿ ಮುಳ್ಳು ಅರ್ಧ ದಾಟಿತು.

ಮಗಳು ಹೀಟರನ್ನು ಪೂರ್ತಿ ತಿರುಗಿಸಿದಳು.

"ಈ ಬಿಸಿಲಲ್ಲಿ ಹೀಟರ್ ಯಾಕಮ್ಮ?" ಎಂದ ಚಿಕ್ಕಪ್ಪ.

"ಇಂಜಿನ್ನಿನ ಶಾಖ ಒಂದಷ್ಟು ಈ ಕಡೆ ಎಳ್ಕೊಳ್ಳುತ್ತೆ ಚಿಕ್ಕಪ್ಪ. ಅದು ಬೇಯೋ ಬದಲು ನಾವು ಬೇಯೋಣ."

ಚಿಕ್ಕಪ್ಪನ ಅಂಗಿ ಬೆನ್ನಿಗೆ ಅಂಟಿತು. ಬದುಕಿದ್ದಾಗಲೂ ಅಣ್ಣ ತನ್ನನ್ನು ಹೀಗೇ ಬೇಯಿಸಿದ್ದು ಎಂದು ಗೊಣಗಿದನಾದರೂ ಕಿಟಕಿಗೆ ಹತ್ತಿರ ಸರಿಯಲಿಲ್ಲ, ಅಣ್ಣನ ಕಾಲು ಹಿಡಿದುಕೊಂಡೇ ಕೂತಿದ್ದ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಗೇ, ಅಭ್ಯಾಸಬಲದಿಂದ, ಗಂಡನ ಹಣೆಯನ್ನೂ ಒರೆಸಿದಳು. ಆ ಹಣೆಯಲ್ಲಿ ಬೆವರಿರಲಿಲ್ಲ. ಕನ್ನಡಿಯಲ್ಲಿ ಇದನ್ನು ಕಂಡ ಮಗಳು ದೃಷ್ಟಿಯನ್ನು ಮುಳ್ಳಿನ ಕಡೆಗೆ ತಿರುಗಿಸಿದಳು. ಅದು ಮುಕ್ಕಾಲಿಗೆ ಹತ್ತಿರವಾಗುತ್ತಿತ್ತು.

ರೈಲ್ವೆ ಗೇಟು ದಾಟಿದರು. ಎದುರಿಗೆ ಏರು. ಅದೇ ಗಾಡಿ, ಮುಂದೆ ಅಂಥದೇ ತೆವಳಾಟ. ಅವಳ ಅಂಗೈ ಸ್ಟೀರಿಂಗಿನ ಮೇಲೆ ಜಾರತೊಡಗಿತು. ಈ ನಡಿಗೆಯಲ್ಲೇ ಏರು ಹತ್ತಿದರೆ ಇಂಜಿನ್ ಉಳಿಯದು. ನಿಲ್ಲಿಸಿ ತಣಿಸೋಣವೆಂದರೆ ಅಪ್ಪನನ್ನು ನಡುರಸ್ತೆಯಲ್ಲಿ ಇಟ್ಟುಕೊಂಡು ಗಂಟೆಗಟ್ಟಲೆ ಕೂರಬೇಕು. ಉಳಿದದ್ದು ಒಂದೇ ದಾರಿ, ಮುಂದೆ ಓಡಿಸುವುದು. ಅಪ್ಪನ ಹೆಣವನ್ನು ಜನರ ಮುಂದಿನಿಂದ ಓಡಿಸಿಕೊಂಡು ಹೋದಳು ಎಂದು ಊರು ಆಡಿಕೊಳ್ಳುತ್ತದೆ. ಬನ್ನು ಮಾಮ ಅವಳ ಮುಖ ನೋಡಿದ, ಮುಳ್ಳನ್ನು ನೋಡಿದ.

ಅವಳು ಕಿಟಕಿಯಿಂದ ತಲೆ ಹೊರಹಾಕಿ, ಪಕ್ಕದಲ್ಲೇ ನಡೆಯುತ್ತಿದ್ದ ಲೇತಿನವನನ್ನು ಕರೆದಳು. "ಅಣ್ಣ, ಮುಳ್ಳು ಮುಕ್ಕಾಲು ದಾಟ್ತು. ರೇಡಿಯೇಟರಿಗೆ ಗಾಳಿ ಬೇಕು."

ಅವನಿಗೆ ಅಷ್ಟೇ ಸಾಕಾಯಿತು. ಕೈಯೆತ್ತಿದ. ಮಾತು ಬಾಯಿಂದ ಬಾಯಿಗೆ ಮುಂದೆ ಹೋಯಿತು: ಹೊಸ ಇಂಜಿನ್, ದಾರಿ ಬಿಡಿ. ಕಸುಬು ಗೊತ್ತಿಲ್ಲದವರು ಮುಖಮುಖ ನೋಡಿಕೊಂಡರು. ಗೊತ್ತಿದ್ದವರು ಅವರ ಮೊಣಕೈ ಹಿಡಿದು ಬದಿಗೆ ಎಳೆದರು. ರಸ್ತೆ ಎರಡಾಗಿ ಬಿಟ್ಟುಕೊಂಡಿತು. ವ್ಯಾನು ಹಾಯುವಾಗ ಒಬ್ಬೊಬ್ಬರೂ ಅದರ ಮೈಗೆ ಒಂದು ಗಳಿಗೆ ಅಂಗೈ ತಾಗಿಸಿ ಬಿಟ್ಟರು. ಗಾಳಿ ಎಂಬ ಟ್ಯಾಕ್ಸಿಯವನು ಎಲ್ಲರಿಗಿಂತ ಕೊನೆಗೆ, ನಿಧಾನವಾಗಿ ತಾಗಿಸಿದ.

ಎರಡನೇ ಗೇರು, ಮೂರನೇ ಗೇರು. ಒತ್ತಿದಳು, ಬಿಟ್ಟಳು. ಒತ್ತಿದಳು, ಬಿಟ್ಟಳು. ಏರಿನ ಅರ್ಧದಲ್ಲಿ ಮುಳ್ಳು ನಡುಗಿ ನಿಂತಿತು, ತುದಿ ಮುಟ್ಟುವಷ್ಟರಲ್ಲಿ ಕೆಳಗಿಳಿಯಿತು. ಜೀವಮಾನದಲ್ಲಿ ಯಾರನ್ನೂ ಹಿಂದೆ ಹಾಕಿ ಹೋಗದಿದ್ದ ಮೇಸ್ತ್ರಿ, ಅಂದು ತನ್ನ ಸಾವಿಗೆ ಬಂದವರನ್ನೆಲ್ಲ ಹಿಂದೆ ಹಾಕಿ ಹೋದ.

*

ಗುಂಡಿ ತೋಡಿದ ಇಬ್ಬರು ಹಾರೆಯ ಮೇಲೆ ಕೈಯೂರಿ ನಿಂತಿದ್ದರು. ಮಗಳು ವ್ಯಾನನ್ನು ಮರದ ನೆರಳಿಗೆ ತಂದು, ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿದಳು. ಜನ ನಡೆದು ಬರಲು ಇನ್ನೂ ಅರ್ಧ ಗಂಟೆಯಿತ್ತು. ಚಿಕ್ಕಪ್ಪ ಗುಂಡಿಯ ಅಳತೆ ನೋಡಲು ಹೋದ. ಅಮ್ಮ ಒಳಗೇ ಕೂತಿದ್ದಳು, ಹಿಂದಿನ ಬಾಗಿಲು ತೆರೆದಿತ್ತು. ತಣಿಯುವ ಲೋಹದ ಟಿಕ್ ಟಿಕ್ ಸದ್ದು ಬಿಟ್ಟರೆ ಮತ್ತೇನೂ ಇರಲಿಲ್ಲ.

ಬನ್ನು ಮಾಮ ಕುಂಟುತ್ತ ಅವಳ ಪಕ್ಕಕ್ಕೆ ಬಂದ. "ಅವನೇ ಓಡಿಸಿದ ಹಾಗಿತ್ತು ಕಣಮ್ಮ. ಅವನಾದ್ರೂ ಒಂದು ಸಲ ತಣ್ಣೀರು ಸುರಿದ..."

"ಅದು ಅಪ್ಪ ಅಲ್ಲ ಮಾಮ. ನಾನು."

ಬನ್ನು ಮಾಮನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು, ಇಟ್ಟಿಗೆ ಲಾರಿ, ಟೀ ಅಂಗಡಿ, ಬಕೆಟ್ಟು. ತನ್ನ ತಪ್ಪನ್ನು ಅಪ್ಪ ಹೊತ್ತುಕೊಂಡಿದ್ದ ಎಂಬುದು ಇವತ್ತು ಬೆಳಿಗ್ಗೆ ನಿಮ್ಮ ಬಾಯಿಂದಲೇ ಗೊತ್ತಾಯಿತು ಎಂದಳು. ಅವನು ಸಿಟ್ಟಾಗಬಹುದು ಎಂದುಕೊಂಡಿದ್ದಳು. ಅವನು ವ್ಯಾನಿನ ಬಂಪರಿನ ಮೇಲೆ ಕುಸಿದು ಕೂತ.

"ಮೊನ್ನೆ ಮಂಗಳವಾರ ಕೂಡ ಅಂದೆನಲ್ಲಮ್ಮ. ನೀರಿನ ಡಬ್ಬ ದೂರ ಇಡ್ರಪ್ಪ, ಮೇಸ್ತ್ರಿ ಇದ್ದಾನೆ ಅಂದೆ. ಎಲ್ಲರ ಮುಂದೆ ಅಂದೆ. ನಕ್ಕ." ಅವನು ಎದ್ದು ಹಿಂದಿನ ಬಾಗಿಲಿಗೆ ಹೋದ. ಬಿಳಿ ಹೊದಿಕೆಯನ್ನು ನೋಡುತ್ತ, "ನಂಗಾದ್ರೂ ಒಂದು ಮಾತು ಹೇಳಬಾರದಾಗಿತ್ತೇನೋ" ಎಂದ, ಎದುರಿಗೆ ಕೂತವನನ್ನು ಕೇಳುವಂತೆ.

ಉತ್ತರ ಕೊಟ್ಟದ್ದು ಅಮ್ಮ. "ಯಾರಿಗೂ ಹೇಳಬೇಡ ಅಂದಿದ್ರು" ಎಂದು ಮಗಳ ಕಡೆ ತಿರುಗಿದಳು. "ನಾಲ್ಕು ಜನ ಆಡಿಕೊಂಡ್ರೆ ನಾಚ್ಕೊಂಡು ಶೆಡ್ಡಿಗೆ ಬರೋದೇ ಬಿಡ್ತಾಳೆ ಅಂತ."

"ಬಿಟ್ಟೆನಲ್ಲಮ್ಮ."

"ಹೂಂ. ಹೋಗಿ ಕರೀರಿ ಅಂದೆ ನಾನು. ಬೇಡ, ಅವಳಿಗಿನ್ನೂ ಬಿಸಿ ಆರಿಲ್ಲ, ತಾನಾಗೇ ಬರಲಿ ಅಂದ್ರು." ಅಮ್ಮ ಗಂಡನ ಹೊದಿಕೆಯ ಅಂಚನ್ನು ಸರಿಮಾಡಿದಳು. "ಕಾದ್ರು. ಭಾನುವಾರ ಏನನ್ನಿಸ್ತೋ, ಫೋನ್ ಮಾಡ್ತೀನಿ ಅಂದ್ರು."

ಬೆಳಿಗ್ಗೆಯಿಂದ ಬಾರದಿದ್ದ ಅಳು ಅವಳಿಗೆ ಆಗ ಬಂತು. ನಿಂತಲ್ಲೇ, ಬಾಯಿಗೆ ಸೆರಗನ್ನೂ ಅಡ್ಡ ಹಿಡಿಯದೆ, ಸಣ್ಣ ಮಕ್ಕಳು ಅಳುವ ಹಾಗೆ ಅತ್ತಳು. ಗುಂಡಿಯ ಬಳಿಯಿದ್ದ ಇಬ್ಬರು ಮುಖ ಬೇರೆ ಕಡೆ ತಿರುಗಿಸಿಕೊಂಡರು. ಬಾ ಎಂದು ಅಮ್ಮ ಜಾಗ ಮಾಡಿಕೊಟ್ಟಳು. ಏರಿನ ತುದಿಯಲ್ಲಿ ಜನರ ತಲೆಗಳು ಕಾಣಿಸುವವರೆಗೂ ಮಗಳು ಅಪ್ಪನ ಪಕ್ಕದಲ್ಲಿ ಕೂತಿದ್ದಳು.

*

ಮಣ್ಣು ಹಾಕುವುದು ಮುಗಿಯಿತು. ಕೈಗೆ ಅಂಟಿದ್ದುದನ್ನು ಕೊಡವಿಕೊಂಡು ಜನ ಒಬ್ಬೊಬ್ಬರೇ ಇಳಿದುಹೋದರು. ಹೋಗುವಾಗ ಲೇತಿನವನು ತೆರೆದ ಬಾನೆಟ್ಟಿನೊಳಗೆ ಒಮ್ಮೆ ಬಗ್ಗಿ, ಸೋರಿಕೆ ಎಲ್ಲೂ ಇಲ್ಲವೆಂದು ಕಂಡುಕೊಂಡೇ ಹೋದ. ಅಮ್ಮನನ್ನು ಟ್ಯಾಕ್ಸಿಯಲ್ಲಿ ಕೂರಿಸಿದ ಚಿಕ್ಕಪ್ಪ ಅವಳನ್ನೂ ಕರೆದ. ಇಂಜಿನ್ ಇನ್ನೂ ತಣಿದಿಲ್ಲ, ನೀರು ನೋಡದೆ ಹೊರಡಿಸುವಂತಿಲ್ಲ ಎಂದಳು. ಚಿಕ್ಕಪ್ಪ ಒತ್ತಾಯ ಮಾಡಲಿಲ್ಲ.

ನೆರಳು ಮರದ ಬುಡದಿಂದ ದೂರ ಸರಿದಿತ್ತು. ಬನ್ನು ಮಾಮ ನೀರಿನ ಡಬ್ಬ ಹಿಡಿದು ಪಕ್ಕದಲ್ಲಿ ನಿಂತ. ಅವಳು ಮಣ್ಣು ಮೆತ್ತಿದ ಅಂಗೈಯನ್ನು ಒರೆಸಿಕೊಂಡು ರೇಡಿಯೇಟರಿನ ಮೇಲಿಟ್ಟಳು. ಒಂದು, ಎರಡು, ಮೂರು. ಕೈ ಕಿತ್ತುಕೊಳ್ಳಬೇಕೆನಿಸಲಿಲ್ಲ. ಆರು, ಏಳು. ಶಾಖವಿತ್ತು, ಸುಡುವಷ್ಟಲ್ಲ, ಒಬ್ಬ ಮನುಷ್ಯನ ಕೈಯೊಳಗೆ ಇರುವಷ್ಟು. ಒಂಬತ್ತು, ಹತ್ತು.

"ಆಯ್ತೇನಮ್ಮ?" ಎಂದ ಬನ್ನು ಮಾಮ, ಡಬ್ಬದ ಮುಚ್ಚಳ ತಿರುಗಿಸುತ್ತ.

"ಇನ್ನೂ ಇಲ್ಲ ಮಾಮ" ಎಂದಳು. ಕೈ ಅಲ್ಲೇ ಇತ್ತು. ಹನ್ನೊಂದು, ಹನ್ನೆರಡು ಎಂದು ಎಣಿಸುತ್ತ ಹೋದಳು.